ವಾರದ ಮಾತ್ರೆ

ಶುಕ್ರವಾರ ಬೆಳಿಗ್ಗೆ ತುಮಕೂರಿನಿಂದ ಗುಬ್ಬಿಯ ಮನೆಗೆ ಬಂದ ಪಲ್ಲವಿ ಚಪ್ಪಲಿ ಬಿಡುವ ಮೊದಲೇ ಅಜ್ಜಿಯ ಮುಖ ನೋಡಿ ನಿಂತುಬಿಟ್ಟಳು. ಶಿವರುದ್ರಮ್ಮನ ತುಟಿ ಸುಲಿದು ಕೆಂಪಾಗಿತ್ತು. ಮೊಣಕೈ ಕೆಳಗೆ ಅಲ್ಲಲ್ಲಿ ನೇರಳೆ ಹಣ್ಣು ಹಿಂಡಿದಂಥ ಕಲೆಗಳು.

"ಏನಜ್ಜಿ ಇದು?"

"ಉಷ್ಣ ಕಣೇ. ಬಾಯೆಲ್ಲಾ ಹುಣ್ಣು. ಮಜ್ಜಿಗೆ ಕುಡುದ್ರೂ ಉರೀತದೆ. ನೀನ್ ಮೊದ್ಲು ಮುಖ ತೊಳ್ಕೊ ಹೋಗು."

ಅಜ್ಜಿ ತಲೆಗೆ ನೀರು ಹಾಕಿಕೊಂಡು, ವಿಭೂತಿ ಧರಿಸಿ, ಪೂಜೆ ಮುಗಿಸಿದ್ದಳು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಪುಟ್ಟ ಹಳದಿ ಮಾತ್ರೆಗಳು.

ತುಮಕೂರಿನಲ್ಲಿ ಫಾರ್ಮಸಿ ಓದುತ್ತಿದ್ದ ಪಲ್ಲವಿಗೆ ಆ ಮಾತ್ರೆ ಚೆನ್ನಾಗಿ ಗೊತ್ತು. ಅಜ್ಜಿಯ ಬೆರಳುಗಳು ವಾತದಿಂದ ಮಡಚಿಕೊಂಡಾಗ ಡಾಕ್ಟರ ಬಳಿ ಕರೆದೊಯ್ದಿದ್ದವಳೇ ಅವಳು. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳು ದಾರಿತಪ್ಪಿ ಸ್ವಂತ ಕೀಲುಗಳನ್ನೇ ಕಡಿಯುತ್ತಿವೆ, ಈ ಮಾತ್ರೆ ಅವನ್ನು ಹತೋಟಿಯಲ್ಲಿಡುತ್ತದೆ ಎಂದು ಡಾಕ್ಟರು ವಿವರಿಸಿದ್ದರು. "ಮನೆ ನಾಯೀನೇ ಮನೆಯವ್ರುನ್ನ ಕಚ್ಚಿದಂಗೆ ಅನ್ನಿ" ಎಂದು ಅಜ್ಜಿ ನಕ್ಕಿದ್ದಳು.

"ಇವತ್ತು ಶುಕ್ರವಾರ ಅಜ್ಜಿ. ನೀನು ಮಾತ್ರೆ ತಗೊಳ್ಳೋದು ಸೋಮವಾರ ಅಲ್ವಾ?"

"ಸೋಮವಾರನೂ ತಗೊಂಡೆ. ನೆನ್ನೇನೂ ತಗೊಂಡೆ."

"ಯಾರ್ ಹೇಳಿದ್ದು ಹಂಗೆ?"

"ಡಾಕ್ಟ್ರೇ. 'ವಾರದ ದಿನ ಮಾತ್ರ ನುಂಗಮ್ಮ, ಬೇರೆ ದಿನ ಮುಟ್ಬೇಡ' ಅಂದ್ರು. ವಾರ ಮಾಡ್ದಿರೋ ದಿನ ನಾನ್ ಮುಟ್ಟೇ ಇಲ್ಲ ಕಣೇ."

ಆ ಮನೆಯಲ್ಲಿ ವಾರವೆಂದರೆ ಏಳು ದಿನಗಳ ಲೆಕ್ಕವಲ್ಲ. ಮನೆ ಸಾರಿಸಿ, ತಲೆಗೆ ಸ್ನಾನ ಮಾಡಿ, ದೇವರಿಗೆಂದು ಎತ್ತಿಟ್ಟ ದಿನ. ಮೊದಲು ಅಜ್ಜಿಗೆ ಇದ್ದದ್ದು ಸೋಮವಾರ ಒಂದೇ. ಹಾಗಾಗಿ ಡಾಕ್ಟರ ಮಾತೂ ಅಜ್ಜಿಯ ಅರ್ಥವೂ ಇಷ್ಟು ತಿಂಗಳು ಸರಿಯಾಗಿ ಕೂಡಿಕೊಂಡು ಹೋಗಿದ್ದವು.

"ಈಗ ಯಾವ್ಯಾವ ವಾರ ಮಾಡ್ತೀಯ?"

"ಕೈ ನೆಟ್ಟಗಾಗಿ ರೊಟ್ಟಿ ತಟ್ಟಂಗಾಯ್ತಲ್ಲ, ಯಡಿಯೂರಿಗೆ ಹೋಗಿ ಹರಸ್ಕೊಂಡ್ ಬಂದೆ. ಗುರುವಾರ ಸಿದ್ದಲಿಂಗಪ್ಪಂಗೆ, ಶುಕ್ರವಾರ ಲಕ್ಷ್ಮಿಗೆ. ಒಳ್ಳೇದಾದ್ಮೇಲೆ ದೇವ್ರುನ್ನ ಮರೀಬಾರ್ದು."

"ಕೊಡಿಲ್ಲಿ ಮಾತ್ರೆ!"

ಅಜ್ಜಿ ಮುಷ್ಟಿ ಬಿಗಿದಳು. "ಕೊಡಲ್ಲ. ಇದ್ನ ಬುಟ್ರೆ ಬೆರಳು ಮತ್ತೆ ಕೊಕ್ಕೆ ಆಯ್ತವೆ. ದಿನಾ ಬಂದು ನನ್ ಜಡೆ ನೀನ್ ಹಾಕ್ತೀಯಾ?"

ಪಲ್ಲವಿ ಅವಳ ಹಣೆ ಮುಟ್ಟಿದಳು. ಸುಡುತ್ತಿತ್ತು. "ನಾಯೀನ ಕಟ್ಟಾಕು ಅಂದ್ರೆ ನೀನು ಸಾಯಿಸ್ತಾ ಇದೀಯ ಅಜ್ಜಿ! ಮೈಗೆ ಕಾವಲೇ ಇಲ್ಲ ಈಗ. ಅದಕ್ಕೇ ಜ್ವರ, ಅದಕ್ಕೇ ಹುಣ್ಣು."

ಅಜ್ಜಿಯ ಮುಷ್ಟಿ ಸಡಿಲವಾಯಿತು. ಒದ್ದೆ ನೆಲದ ಮೇಲೆ ಮಾತ್ರೆಗಳು ಚೆಲ್ಲಿಕೊಂಡವು.

ಹಿರೇಹಳ್ಳಿಯ ಫ್ಯಾಕ್ಟರಿಗೆ ಹೊರಟಿದ್ದ ಸಂಗಮೇಶ್ ಮಾವ ತಾಯಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕಾರನ್ನು ತುಮಕೂರಿನ ಆಸ್ಪತ್ರೆಯತ್ತ ಓಡಿಸಿದ. ಮಲ್ಲಸಂದ್ರದ ಬಳಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮಾವ ಹಾರನ್ ಮೇಲಿನ ಕೈ ತೆಗೆಯಲೇ ಇಲ್ಲ.

"ಖಾಲಿ ಆಯ್ತು ಅಂದಾಗೆಲ್ಲ ತಂದ್ಕೊಟ್ಟವ್ನು ನಾನೇ ಕಣೇ. ಯಾಕಿಷ್ಟು ಬೇಗ ಅಂತ ಅಂಗಡಿಯವ್ನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ನೆಟ್ಟಗ್ ಓಡ್ಸೋ," ಹಿಂದಿನಿಂದ ಅಜ್ಜಿ ಗೊಣಗಿದಳು. "ಮಾತ್ರೆಗಿಂತ ಮುಂಚೆ ನೀನೇ ನನ್ನ ಕಳಿಸ್ಬುಟ್ಟೀಯ."

ಅವಳ ವಸಡಿನಿಂದ ರಕ್ತ ಜಿನುಗಿ ಸೆರಗಿಗೆ ಇಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತದ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದರು. ಬಿಳಿಕಣಗಳು ಹೆಚ್ಚುಕಡಿಮೆ ಬರಿದಾಗಿದ್ದವು. ಅಜ್ಜಿ ಹಿಡಿದ ಸೋಮವಾರ, ಗುರುವಾರ, ಶುಕ್ರವಾರಗಳ ಕತೆಯನ್ನು ಪಲ್ಲವಿ ಹೇಳಿದಾಗ ಅವರು ಕುರ್ಚಿಗೆ ಒರಗಿ, "ಛೆ, 'ವಾರದ ದಿನ' ಅಂತ ಹೇಳಿದ್ದು ನಾನೇ. ಸೋಮವಾರ ಅಂತ ಹೆಸ್ರಿಟ್ಟು ಹೇಳ್ಬೇಕಿತ್ತು" ಎಂದರು. ಆಮೇಲೆ ದನಿ ಗಟ್ಟಿ ಮಾಡಿಕೊಂಡರು. "ಪ್ರತಿಮದ್ದು ಶುರು ಮಾಡ್ತೀನಿ. ಆದ್ರೆ ಈಗ ಸಣ್ಣ ಸೋಂಕು ತಗುಲಿದ್ರೂ ಎದುರಿಸೋ ಶಕ್ತಿ ಅವ್ರಿಗಿಲ್ಲ. ಗ್ಯಾರಂಟಿ ಕೊಡೋಕಾಗಲ್ಲ."

ಅಜ್ಜಿಯನ್ನು ಬೇರೆ ಕೋಣೆಯಲ್ಲಿಟ್ಟರು. ಮಾಸ್ಕ್ ಇಲ್ಲದೆ ಯಾರಿಗೂ ಪ್ರವೇಶವಿಲ್ಲ. ಮಾರನೆಯ ದಿನದ ವರದಿಯಲ್ಲಿ ಬಿಳಿಕಣಗಳು ಇನ್ನೂ ಇಳಿದಿದ್ದವು. ಅದರ ಮಾರನೆಯ ದಿನ ಅಜ್ಜಿ ಮಾತೇ ಆಡಲಿಲ್ಲ. ಬಾಗಿಲ ಗಾಜಿಗೆ ಹಣೆಯಾನಿಸಿ ನಿಂತ ಮಾವ, "ಉಸ್ರಾಡ್ತವ್ಳೆ ತಾನೆ?" ಎಂದು ಪಲ್ಲವಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಜ್ವರ ಇಳಿಯುವುದು, ಏರುವುದು, ಹೀಗೇ ದಿನಗಳು ಉರುಳಿದವು.

ಒಂದು ಬೆಳಿಗ್ಗೆ ಒಳಗಿನಿಂದ ಸಿಡುಕಿನ ಕೂಗು ಕೇಳಿತು.

"ಲೇ ಪಲ್ಲವಿ! ಗೆಣ್ಣೆಲ್ಲಾ ಕಿತ್ತು ಬರ್ತವೆ ಕಣೇ. ಅದೇ ಹಳೇ ನೋವು!"

ಪಲ್ಲವಿ ಮಾಸ್ಕ್ ಎಳೆದುಕೊಂಡು ಒಳಗೆ ನುಗ್ಗಿದಳು. ಬೆರಳಿನ ಗೆಣ್ಣುಗಳು ಊದಿ ಬೆಚ್ಚಗಿದ್ದವು. ಹಿಂದೆಯೇ ಬಂದ ಡಾಕ್ಟರ ಕೈಯಲ್ಲಿ ಆ ದಿನದ ವರದಿಯಿತ್ತು. "ಬಿಳಿಕಣ ಏರ್ತಾ ಇವೆ, ಅದಕ್ಕೇ ಗೆಣ್ಣು ಮತ್ತೆ ನೋಯ್ತಿವೆ. ಇನ್ನು ಭಯವಿಲ್ಲ. ನೋವಿಗೆ ಸದ್ಯಕ್ಕೆ ಬೇರೆ ಏನಾದ್ರೂ ಕೊಡೋಣ" ಎಂದರು.

"ತುಂಬಾ ನೋವಾ ಅಜ್ಜಿ?" ಪಲ್ಲವಿ ನಗುತ್ತಿದ್ದಳು. ಕಣ್ಣೀರಿಗೆ ಮಾಸ್ಕ್ ಒದ್ದೆಯಾಗುತ್ತಿತ್ತು.

"ನೋವು ಅಂದ್ರೆ ಹಲ್ ಕಿರೀತೀಯಲ್ಲೇ, ಮುಂಡೇದೇ!" ಎಂದು ಅಜ್ಜಿ ಊದಿದ ಕೈಯೆತ್ತಿ ಹೊಡೆಯಲು ಬಂದಳು.