ಹರಿದ ಮೂರು ಪುಟ

ಪ್ರತಿಭಾ ಟೀಚರಿಗೆ ಸಿಟ್ಟು ನೆತ್ತಿಗೇರಿದರೆ ಬಾಯಿ ಕಟ್ಟುತ್ತೆ. ಅದು ಬಿಚ್ಚೋ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ.

ಯಲಹಂಕದಲ್ಲಿ ಮೂರು ದಿನ ಮೇಷ್ಟ್ರುಗಳಿಗೆ ಗಣಕ ಚಿಂತನೆಯ ತರಬೇತಿ ಇತ್ತು. ಪಾಠ ಮಾಡಿದ ಸತೀಶ್ ಹೇಳಿದ್ದು ಒಂದೇ ಮಾತು: ಕಂಪ್ಯೂಟರ್ ಬೇಕಿಲ್ಲ, ಮಕ್ಕಳು ಒಂದು ಕೆಲಸವನ್ನ ಹಂತ ಹಂತವಾಗಿ ಬಿಡಿಸಿ ಬರೀಲಿ, ಎಲ್ಲಿ ತಪ್ಪಿದೆ ಅಂತ ತಾವೇ ಹುಡುಕಲಿ, ತಪ್ಪೇ ಬಂಗಾರ. ಗದಗಿನ ಕಡೆಯಿಂದ ಬಂದು ಅಬ್ಬಿಗೆರೆ ಆಚೆಯ ಶಾಲೆಯಲ್ಲಿ ಹನ್ನೊಂದು ವರ್ಷ ಸೀಮೆಸುಣ್ಣ ತೇಯ್ದಿದ್ದ ಪ್ರತಿಭಾ ಅದನ್ನ ಪೂರಾ ನಂಬಿಬಿಟ್ಟಳು.

ಐದನೇ ಕ್ಲಾಸಿನವರು ಶಾಲೆಯ ಬೆಳಗಿನ ಪುಡಿ ಹಾಲು ಮಾಡೋ ಕ್ರಮ ಬರೀಬೇಕು. ಅಡುಗೆಯ ಗೋಪಾಲಮ್ಮ ಪುಟ್ಟ ಪಾತ್ರೆಯಲ್ಲಿ ಬರೆದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಓಡಿಸೋ ಹಾಗಿಲ್ಲ. ಕ್ಲಾಸಲ್ಲಿ ಎಂದೂ ಬಾಯಿ ಬಿಡದ ಅಫ್ರೀನ್, ನೀರು ಕುದಿಸಿ ಪುಡಿ ಹಾಕಿ ಅಂತ ಬರೆದಳು. ಗೋಲಿ ಗಾತ್ರದ ಗಂಟು. ಎರಡನೇ ಸಲವೂ ಗಂಟೇ. ಮೂರನೇ ಸಲ ತಳ ಹತ್ತಿತು. ನಾಲ್ಕನೇ ಪುಟದಲ್ಲಿ, ಮೊದಲು ತಣ್ಣೀರಲ್ಲಿ ಪುಡಿ ಕಲಸಿ ಅಂತ ಬರೆದಳು ನೋಡಿ, ಹಾಲಲ್ಲಿ ಒಂದೇ ಒಂದು ಗಂಟಿಲ್ಲ. ತಪ್ಪು ಎಲ್ಲಿತ್ತು ಅಂತ ಎದ್ದು ನಿಂತು ಇಡೀ ಕ್ಲಾಸಿಗೆ ಹೇಳಿದಳು. ಈ ಬಾಯಿ ಮತ್ತೆ ಮುಚ್ಚಬಾರದು, ಪ್ರತಿಭಾಗೆ ಬೇಕಿದ್ದದ್ದು ಅದೊಂದೇ.

ಆಗ ಬಂತು ಸುದ್ದಿ, ತರಬೇತಿ ಎಷ್ಟು ಫಲ ಕೊಟ್ಟಿದೆ ಅಂತ ನೋಡೋಕೆ ನಾಳೆ ಸತೀಶ್ ಬರ್ತಾರಂತೆ. ಹೆಡ್ಮಾಸ್ಟರ್ ಪಿಳ್ಳಪ್ಪನವರಿಗೆ ಪುಸ್ತಕದಲ್ಲಿ ಒಂದು ಚಿತ್ತು ಕಾಟು ಕಂಡರೂ ಮೈಯೆಲ್ಲಾ ಉರಿ. ಪ್ರತಿಭಾಳನ್ನ ವೋಟರ್ ಲಿಸ್ಟ್ ಕೆಲಸಕ್ಕೆ ಅಟ್ಟಿ, ಆ ಪುಣ್ಯಾತ್ಮ ತಪ್ಪಿದ್ದ ಪುಟಗಳನ್ನೆಲ್ಲ ಪರ ಪರ ಹರಿದು ಮುದ್ದೆ ಮಾಡಿ ಎಸೆದರು. ಅಫ್ರೀನಳ ನಾಲ್ಕನೇ ಪುಟವನ್ನ ಬೋರ್ಡಿಗೆ ಇಳಿಸಿ, ಮೂವತ್ತೆರಡು ಮಕ್ಕಳ ಕೈಲೂ ದುಂಡಗೆ ಕಾಪಿ ಬರೆಸಿದರು. ತಾನೇ ಕಂಡುಹಿಡಿದದ್ದನ್ನ ಆ ಹುಡುಗಿಯೂ ಬೋರ್ಡ್ ನೋಡಿ ಬರೆದಳು. ಎಂಥ ಕರ್ಮ!

ಬೆಳಿಗ್ಗೆ ಸತೀಶ್ ಬಂದ. ಮೂವತ್ತೆರಡು ಪುಸ್ತಕದಲ್ಲೂ ಅದೇ ಮಾತು, ಅದೇ ಸಾಲು. ಕುರುಡನಿಗೂ ಗೊತ್ತಾಗೋ ಕಳ್ಳತನ. ಅವನು 'ಅತ್ಯುತ್ತಮ' ಅಂತ ಬರೆದ, ಫೋಟೋ ಹೊಡೆದ, ಟೀ ಕುಡಿದ. ಪ್ರತಿಭಾ ಗೋಡೆಗೆ ಒರಗಿ ನಿಂತು ಎಲ್ಲಾ ನೋಡಿದಳು.

ಗೇಟಿನ ಹತ್ತಿರ ಅವಳ ಬಾಯಿ ಬಿಚ್ಚಿತು. ಅಡ್ಡ ನಿಂತು, ಮುದ್ದೆಯಾಗಿದ್ದ ಅಫ್ರೀನಳ ಮೂರು ಹಾಳೆ ಸತೀಶನ ಕೈಗೆ ತುರುಕಿದಳು.

"ತಪ್ಪೇ ಬಂಗಾರ ಅಂದಿದ್ರಲ್ರೀ ಸರ್. ನಿಮ್ಮ ಬಂಗಾರ ಕಸದ ಬುಟ್ಟಿಯಾಗ ಬಿದ್ದಿತ್ತು, ತಗೋರಿ."

ಅವನು ಹಾಳೆ ಬಿಡಿಸಿ ಓದಿದ, ಮುಖ ಸಣ್ಣಗಾಯಿತು. ರಿಪೋರ್ಟ್ ಆಗಲೇ ಕಳಿಸಿಬಿಟ್ಟೆ ಮೇಡಂ ಅಂದವನೇ ಬೈಕ್ ಹತ್ತಿದ. ಥೂ, ಇವರ ರಿಪೋರ್ಟಿಗಿಷ್ಟು ಬೆಂಕಿ ಬೀಳಲಿ ಅಂತ ಪ್ರತಿಭಾ ಅವನಿಗೆ ಕೇಳೋ ಹಾಗೇ ಬೈದಳು.

ಮಧ್ಯಾಹ್ನ ಹಟ ಹಿಡಿದು ಹೊಸ ಕೆಲಸ ಕೊಟ್ಟಳು: ಊಟದ ತಟ್ಟೆ ತೊಳೆಯೋ ಕ್ರಮ ಬರೀರಿ. ಅಫ್ರೀನ್ ಪೆನ್ಸಿಲನ್ನ ಬೆಂಚಿನ ಮೇಲಿಟ್ಟು ಕೈಕಟ್ಟಿ ಕೂತಳು.

"ನೀವೇ ಬೋರ್ಡ್ ಮೇಲೆ ಬರೀರಿ ಮಿಸ್," ಅಂದಳು. "ನಾನು ಬರೆದ್ರೆ ಹರೀತಾರೆ."