ತಳದ ರಾಡಿ

ಬೆಲ್ಲದ ಉಂಡೆ ಬಕೆಟ್ಟಿಗೆ ಬಿದ್ದು ಹನ್ನೆರಡು ನಿಮಿಷವಾಗಿತ್ತು. ಮುರಗೆಪ್ಪ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮೊಬೈಲಿನ ಮೇಲೆ, ಇನ್ನೊಂದು ಕಣ್ಣು ಬಕೆಟ್ಟಿನ ಮೇಲೆ ಇಟ್ಟಿದ್ದ. ಹೆಂಡತಿ ರುಕ್ಮವ್ವ ಒಲೆಗೆ ಕಟ್ಟಿಗೆ ದೂಡುತ್ತ, ಕರುವನ್ನು ಬೈಯುತ್ತ ಒಳಗೂ ಹೊರಗೂ ಓಡಾಡುತ್ತಿದ್ದಳು. ಬಕೆಟ್ಟಿನ ಪಕ್ಕ ಹಾದಾಗಲೆಲ್ಲ ಕೈಯಲ್ಲಿದ್ದ ಸೌಟನ್ನು ಅದರೊಳಗೆ ಎರಡು ಸುತ್ತು ತಿರುವಿ ಹೋಗುತ್ತಿದ್ದಳು. ಮೂವತ್ತಾರು ವರ್ಷ ಅಡುಗೆ ಮಾಡಿದ ಕೈ. ನೀರಿನಲ್ಲಿ ಬೆಲ್ಲ ಕಂಡರೆ ಸುಮ್ಮನಿರುವುದು ಅದಕ್ಕೆ ಗೊತ್ತಿರಲಿಲ್ಲ.

ಇಪ್ಪತ್ತನೇ ನಿಮಿಷಕ್ಕೆ ಉಂಡೆ ಸವೆದು, ನೀರಿನೊಳಗೆ ಅದನ್ನು ಹಿಡಿದಿದ್ದ ಕಬ್ಬಿಣದ ಬಳೆಯೊಳಗಿಂದ ಜಾರಿತು. ಅದಕ್ಕೆ ಕಟ್ಟಿದ್ದ ಹಗ್ಗವೂ ಜಾರಿತು. ಹಗ್ಗದ ತುದಿಯ ಕಬ್ಬಿಣದ ತುಂಡು ಠಣ್ ಎಂದು ಬಕೆಟ್ಟಿನ ತಳಕ್ಕೆ ಬಿತ್ತು.

"ಇಪ್ಪತ್ತ ಮಿನಿಟ್! ಬರಕೋ!" ಎಂದು ಮುರಗೆಪ್ಪ ಕೂಗಿದ.

"ಯಾರ ಬರಕೋಬೇಕ್ರಿ? ನನಗ ಬ್ಯಾರೆ ಉದ್ಯೋಗ ಇಲ್ಲೇನು?" ಎಂದಳು ರುಕ್ಮವ್ವ. ಆದರೆ ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು, ಯಾಕೆಂದರೆ ಬೆಲ್ಲದ ಉಪಾಯ ಅವಳದೇ.

ಸತ್ತಿ ಎಂಬ ಊರಿನಲ್ಲಿ ಎಂಟು ಎಕರೆ ಕಬ್ಬು, ಎರಡು ಎಕರೆ ದ್ರಾಕ್ಷಿ ಇರುವ ಐವತ್ತೇಳು ವರ್ಷದ ಮನುಷ್ಯ ಸ್ವಂತ ಕೈಯಿಂದ ಜಲಾಂತರ್ಗಾಮಿ ಮಾಡುವುದೆಂದರೆ ಅದಕ್ಕೊಂದು ಕಾರಣ ಬೇಕಲ್ಲ. ಮುರಗೆಪ್ಪನ ಕಾರಣ ಅವನದೇ ಬಾವಿಯ ತಳದಲ್ಲಿತ್ತು. ಅವನು ಹುಡುಗನಾಗಿದ್ದಾಗ ವಾರಿಗೆಯವರೆಲ್ಲ ಆ ಬಾವಿಗೆ ಹಾರಿ, ತಳ ಮುಟ್ಟಿ, ಒಂದು ಹಿಡಿ ರಾಡಿ ತಂದು ಪಾವಟಿಗೆಯ ಮೆಟ್ಟಿಲ ಮೇಲೆ ಬಡಿಯಬೇಕಿತ್ತು. ರಾಡಿ ತಂದವನು ಗಂಡಸು. ಮುರಗೆಪ್ಪನಿಗೆ ಈಜು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಒಂದು ದಿನ ಮರ್ಯಾದೆಗೆ ಅಂಜಿ, ಪಾವಟಿಗೆಯ ಸಂದಿಯೊಳಗಿನ ಮಣ್ಣನ್ನೇ ಒದ್ದೆ ಮಾಡಿ ತಂದು ಬಡಿದ. ತಳದ ರಾಡಿ ಕಪ್ಪಗೆ, ನಾರುವಂಥದ್ದು. ಇವನು ತಂದದ್ದು ಕೆಂಪಗಿತ್ತು. ಬಾವಿಯಲ್ಲಿ ಎಲ್ಲರಿಗಿಂತ ಗಟ್ಟಿ ಮುಳುಗುಗಾರನಾಗಿದ್ದ ದುಂಡೇಶ ಅದನ್ನು ಮೂಸಿ ನೋಡಿ ಊರೆಲ್ಲ ಸಾರಿದ. ನಲವತ್ತಾರು ವರ್ಷದಿಂದ ಸಾರುತ್ತಲೇ ಇದ್ದ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗಲೂ, "ನಮ್ಮ ಮುರಗ್ಯಾಗ ಜರಾ ಕೆಂಪ ರಾಡಿ ಹಾಕ್ರಿ" ಅನ್ನುತ್ತಿದ್ದ.

ಹಾಗಾಗಿ ಮುರಗೆಪ್ಪ ಹಳೆಯ ಡೀಸೆಲ್ ಟಾಕಿಯೊಂದನ್ನು ತಂದು ನಿಲ್ಲಿಸಿ, ಮೇಲೆ ಬಾಗಿಲು, ಬಾಗಿಲಿಗೆ ದಪ್ಪ ಗಾಜು ಕೂಡಿಸಿದ. ಎರಡೂ ಪಕ್ಕ ನೀಲಿ ಬ್ಯಾರಲ್ ಕಟ್ಟಿದ. ಬ್ಯಾರಲ್ಲಿಗೆ ನೀರು ಬಿಟ್ಟರೆ ಟಾಕಿ ಇಳಿಯಬೇಕು, ಪಂಕ್ಚರ್ ಅಂಗಡಿಯ ಸಿಲಿಂಡರಿನಿಂದ ಗಾಳಿ ತುಂಬಿ ನೀರು ಹೊರಗೆ ದಬ್ಬಿದರೆ ಏರಬೇಕು. ಹೇಳಲು ಸುಲಭ. ಮೊದಲ ಸಲ ಅದು ಮುಳುಗಲೇ ಇಲ್ಲ. ಟ್ರ್ಯಾಕ್ಟರ್ ಗಾಲಿಗೆ ಹಾಕುವ ಕಬ್ಬಿಣದ ತೂಕಗಳನ್ನು ಸುತ್ತಲೂ ಬಿಗಿದ. ಎರಡನೇ ಸಲ ತಲೆಕೆಳಗಾಯಿತು. ಪುಣ್ಯಕ್ಕೆ ಒಳಗೆ ಅವನ ಬದಲು ಒಂದೂವರೆ ಚೀಲ ಯೂರಿಯಾ ಕೂತಿತ್ತು. ತೂಕವನ್ನೆಲ್ಲ ಬುಡಕ್ಕೆ ಇಳಿಸಿದ ಮೇಲೆ ಮೂರನೇ ಸಲ ಯೂರಿಯಾ ನೆಟ್ಟಗೆ ಇಳಿದು ನೆಟ್ಟಗೆ ಎದ್ದು ಬಂತು.

ಆಗ ರುಕ್ಮವ್ವ ಅಡ್ಡ ನಿಂತಳು.

"ಯೂರಿಯಾಕ್ಕ ಹೆಂಡ್ತಿ ಇಲ್ರಿ. ನೀವು ಒಳಗ ಎಚ್ಚರ ತಪ್ಪಿದ್ರ ಗಾಳಿ ಬಿಡಾವ್ರ ಯಾರು? ಹಗ್ಗಾ ಕಟಗೊಂಡ ಇಳೀರಿ."

"ಹಗ್ಗಾ ಕಟ್ಟಿದ್ರ ಅದಕ್ಕ ಸಬ್‌ಮರೀನ್ ಅನ್ನೂದಿಲ್ಲ, ಕೊಡ ಅಂತಾರ. ಕೊಡದಾಗ ಕುಂತ ಬಂದಾನಂತ ದುಂಡ್ಯಾ ಮತ್ತ ನಲವತ್ತ ವರ್ಷ ಹೇಳ್ತಾನ."

ಮೂರನೇ ದಿನ ರುಕ್ಮವ್ವ ತೆಂಗಿನ ಚಿಪ್ಪಿನಲ್ಲಿ ಬೆಲ್ಲದ ಪಾಕ ಸುರಿದು, ಹಗ್ಗದ ತುದಿಯನ್ನು ಅದರೊಳಗೆ ಅದ್ದಿ ಗಟ್ಟಿ ಮಾಡಿದಳು. ಟಾಕಿಯ ಹೆಗಲಿಗೊಂದು ಕಬ್ಬಿಣದ ಬಳೆ. ಬಳೆಯಲ್ಲಿ ಬೆಲ್ಲದ ಉಂಡೆ ಸಿಕ್ಕಿಕೊಂಡಿರುವ ತನಕ ಹಗ್ಗದ ಕೆಳಗೆ ಐವತ್ತು ಕಿಲೋ ತೂಕ ಜೋತುಬಿದ್ದಿರುತ್ತದೆ. ಬೆಲ್ಲ ಕರಗಿದರೆ ತೂಕ ಕಳಚುತ್ತದೆ, ಒಳಗಿದ್ದವನು ಎಚ್ಚರಿರಲಿ ಬಿಡಲಿ, ಟಾಕಿ ಮೇಲೆ ಬರುತ್ತದೆ. ಒಳಗಿನ ಗಾಳಿ ನಲವತ್ತು ನಿಮಿಷಕ್ಕೆ ಸಾಕು, ಬೆಲ್ಲಕ್ಕೆ ಇಪ್ಪತ್ತು. ಮುರಗೆಪ್ಪ ಆ ಉಂಡೆಯನ್ನು ಎಷ್ಟೋ ಹೊತ್ತು ನೋಡಿದ. ಹೆಂಡತಿಯ ಮೇಲೆ ಅವನಿಗೆ ಅಷ್ಟು ಪ್ರೀತಿ ಉಕ್ಕಿ ಬಂದು ಬಹಳ ವರ್ಷವಾಗಿತ್ತು.

ಭಾನುವಾರ ಮಧ್ಯಾಹ್ನ, ಬಿಸಿಲು ನೆಟ್ಟಗೆ ಬಾವಿಯೊಳಗೆ ಬೀಳುವ ಹೊತ್ತಿಗೆ, ಭಾರ ಎತ್ತುವ ಚೈನ್‌ಬ್ಲಾಕ್ ಇಟ್ಟುಕೊಂಡಿದ್ದ ಪಕ್ಕದ ಹೊಲದ ಭೀಮಸಿ ಟಾಕಿಯನ್ನು ನೀರಿಗೆ ಇಳಿಸಿ ಕೊಂಡಿ ಕಳಚಿದ. ದುಂಡೇಶನೂ ಬಂದಿದ್ದ. ಈಗ ಅವನ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಅವನು ಪಾವಟಿಗೆಯ ಮೇಲೆ ಕಾಲು ಚಾಚಿ ಕೂತು, "ಮುರಗ್ಯಾ, ಒಳಗ ಕೆಂಪ ಮಣ್ಣ ಇಟಗೊಂಡಿಲ್ಲ ಹೌದಲ್ಲೋ?" ಎಂದ. ಮುರಗೆಪ್ಪ ಬಾಗಿಲು ಎಳೆದುಕೊಂಡ.

ನಾಲ್ಕಾಳು ನೀರು. ಟಾಕಿ ನಿಧಾನ ಇಳಿದು ಮೆತ್ತಗೆ ಕೂತಿತು. ಮುರಗೆಪ್ಪ ನಟ್ಟು ಬಿಗಿಯುವ ಪಾನಾ ಹಿಡಿದು ಒಳಗಿನಿಂದ ಎರಡು ಸಲ ಕುಟ್ಟಿದ. ತಳ ಮುಟ್ಟಿದೆ ಎಂದು ಅರ್ಥ. ಗಾಜಿನಾಚೆ ಹಸಿರು ಬೆಳಕು, ಅದರೊಳಗೆ ಹೊಗೆಯ ಹಾಗೆ ಏಳುತ್ತಿರುವ ಕಪ್ಪು ರಾಡಿ. ಅವನಿಗೆ ಖುಷಿಯಾಯಿತು. ಒಬ್ಬನೇ ಕೂತು ಹುಡುಗನ ಹಾಗೆ ನಕ್ಕ.

ನಕ್ಕು ಮುಗಿದ ಮೇಲೆ ಗಾಳಿಯ ಕಾಕ್ ತಿರುವಿದ. ಹೊರಗಿನ ಪೈಪಿನ ಜೋಡಣೆಗೆ ಅವನು ಸುತ್ತಿದ್ದು ಸೈಕಲ್ ಟ್ಯೂಬಿನ ಪಟ್ಟಿ. ನಮ್ಮ ಕಡೆ ಸ್ಪ್ರೇ ಪಂಪಿನಿಂದ ಹಿಡಿದು ಮಂಚದ ಕಾಲಿನ ತನಕ ಎಲ್ಲಕ್ಕೂ ಅದೇ ಪಟ್ಟಿ. ಅದು ಫಟ್ ಎಂದು ಬಿಚ್ಚಿಕೊಂಡಿತು. ಸಿಲಿಂಡರಿನ ಗಾಳಿಯೆಲ್ಲ ಬುಳುಬುಳು ಎಂದು ಮೇಲೆ ಹೋಯಿತು.

"ಬಂದಾ, ಬಂದಾ!" ಎಂದು ದುಂಡೇಶ ಎದ್ದು ನಿಂತ. ಗುಳ್ಳೆ ಮಾತ್ರ ಬಂದಿದ್ದವು.

"ಇರ್ರಿ, ಬೆಲ್ಲ ಐತಿ," ಎಂದಳು ರುಕ್ಮವ್ವ, ಸೆರಗು ಬಿಗಿದುಕೊಂಡು.

ಇಪ್ಪತ್ತು ನಿಮಿಷವಾಯಿತು. ಇಪ್ಪತ್ತೈದಾಯಿತು. ಕೆಳಗಿನ ಕುಟ್ಟುವ ಸದ್ದು ಮೊದಲು ಜೋರಾಗಿತ್ತು, ಆಮೇಲೆ ಬಿಟ್ಟು ಬಿಟ್ಟು ಬಂತು. ಭೀಮಸಿ ಚೈನು ಬಿಟ್ಟು ನೋಡಿದ. ಅದು ನೀರಿನ ಮಟ್ಟಕ್ಕೇ ಮುಗಿದುಹೋಯಿತು, ಮೇಲಾಗಿ ಅವನಿಗೂ ಈಜು ಬರುತ್ತಿರಲಿಲ್ಲ. ಮೂವತ್ತನೇ ನಿಮಿಷಕ್ಕೆ ರುಕ್ಮವ್ವ ತನ್ನ ಬಲಗೈಯನ್ನೇ ನೋಡುತ್ತ ನಿಂತಳು. ಆ ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಎರಡು ಸುತ್ತು ತಿರುಗಿತು.

"ಅಯ್ಯ ನನ್ನ ಶಿವನ, ನಾ ತಿರುವಿದ್ನಲ್ಲಾ!"

"ಏನ್ ತಿರುವಿದಿ ವೈನಿ?"

"ಬಕೀಟಿನ್ಯಾಗ ಸೌಟು! ಹೋಗ್ತ ಬರ್ತ ತಿರುವಿದ್ನೋ ದುಂಡಣ್ಣಾ! ಅದಕ್ಕ ಲಗೂನ ಕರಗಿತ್ತು. ತಳದಾಗ ನೀರ ಅಲಗಾಡೂದ ಇಲ್ಲ, ಅಲ್ಲಿ ಯಾರ ತಿರುವತಾರೋ!"

ದುಂಡೇಶ ಮೊಬೈಲು ತೆಗೆದು ಭೀಮಸಿಗೆ ಕೊಟ್ಟ. ಅಂಗಿ ಬಿಚ್ಚಿದ. ಇಪ್ಪತ್ತೈದು ವರ್ಷದಿಂದ ಅವನು ಬಾವಿಗೆ ಇಳಿದಿರಲಿಲ್ಲ, ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದರು. ಚಷ್ಮಾ ತೆಗೆಯುವುದನ್ನು ಮರೆತು ಹಾರಿದ. ಬಾವಿಯ ಅರ್ಧ ನೀರು ಪಾವಟಿಗೆಗೆ ಬಂತು.

ಮುರಗೆಪ್ಪನ ತಲೆ ಭಾರವಾಗಿತ್ತು. ಸಾಯುವ ಅಂಜಿಕೆಗಿಂತ, ಸತ್ತ ಮೇಲೆ ದುಂಡ್ಯಾ ಏನನ್ನುತ್ತಾನೋ ಎಂಬುದು ಅವನನ್ನು ಕಾಡುತ್ತಿತ್ತು. ಆಗ ಮೇಲೆ ನೆರಳಾಡಿತು. ಗಾಜಿನಲ್ಲಿ ದೊಡ್ಡ ಬಿಳಿ ಹೊಟ್ಟೆ, ಅದರ ಆಚೆ ಚಷ್ಮಾ ನೀರುಪಾಲಾದ ಮುಖ ಕಂಡಿತು. ಒಂದು ಕೈ ಕೆಳಗೆ ಚಾಚಿತು. ಗಾಜಿಗೂ ಬೆರಳಿಗೂ ಒಂದು ಮೊಳ ಉಳಿದಿತ್ತು. ಆ ಮೊಳ ದಾಟಲು ದುಂಡೇಶನಿಗೆ ಆಗಲಿಲ್ಲ. ಅಲ್ಲೇ ಕೈಕಾಲು ಬಡಿದ, ಹೊರಳಾಡಿದ, ಕಿವಿ ಹಿಡಿದುಕೊಂಡ, ಮತ್ತೆ ಬಡಿದು ಮೇಲಕ್ಕೆ ತಿರುಗಿದ. ಆ ಬಡಿದಾಟಕ್ಕೆ ಸುತ್ತಲಿನ ನೀರೆಲ್ಲ ಕಲಕಿತು. ಮೆತ್ತಗಾಗಿದ್ದ ಉಂಡೆ ತೊಳೆದುಹೋಯಿತು. ಹಗ್ಗ ಜಾರಿದ ಸದ್ದು ಮುರಗೆಪ್ಪನಿಗೆ ಒಳಗೇ ಕೇಳಿತು.

ಟಾಕಿ ದುಂಡೇಶನ ಹಿಂದೆಯೇ ಎದ್ದಿತು. ಭೀಮಸಿ ಕೊಂಡಿ ಹಾಕಿ ಪಾವಟಿಗೆಗೆ ಎಳೆದು ಬಾಗಿಲು ತೆಗೆದ. ಮುರಗೆಪ್ಪ ತಲೆ ಹೊರಗೆ ಹಾಕಿ, ಉಸಿರೆಳೆದುಕೊಂಡು, "ಏಸ ಮಿನಿಟಾತು?" ಎಂದ.

"ಮೂವತ್ತನಾಕು! ಮನಿಗೆ ಬರ್ರಿ, ಐತಿ ನಿಮಗ!" ಎಂದು ರುಕ್ಮವ್ವ ಬೈದಳು, ಬೈಯುತ್ತಲೇ ಅತ್ತಳು, ಅವನ ರಟ್ಟೆ ಹಿಡಿದು ಹೊರಗೆಳೆದವಳು ಬಹಳ ಹೊತ್ತು ಬಿಡಲಿಲ್ಲ.

ಚೈನು ಏರಿದಾಗ ಟಾಕಿಯ ಬುಡ ಕಂಡಿತು. ಕಬ್ಬಿಣದ ಸಂದಿಯಲ್ಲೆಲ್ಲ ರಾಡಿ ಮೆತ್ತಿತ್ತು, ಕಪ್ಪಗೆ, ನಾರುತ್ತ. ಮುರಗೆಪ್ಪ ಒಂದು ಹಿಡಿ ಬಳಿದು ಪಾವಟಿಗೆಯ ಮೇಲೆ ಬಡಿದ. ಭೀಮಸಿ ಬಗ್ಗಿ ಮೂಸಿ, "ತಳದ್ದ ಐತಿ ಬಿಡ್ರಿ," ಎಂದ.

ದುಂಡೇಶ ಇನ್ನೂ ನೀರಿನಲ್ಲೇ ಪಾವಟಿಗೆ ಹಿಡಿದು ಏದುಸಿರು ಬಿಡುತ್ತಿದ್ದ. ಒಂದು ಮುಷ್ಟಿ ಬಿಗಿಯಾಗಿ ಮುಚ್ಚಿತ್ತು.

"ಕಾಕಾ, ನೀವೂ ತಳಾ ಮುಟ್ಟಿದ್ರಿ?" ಎಂದು ಭೀಮಸಿ ಕೇಳಿದ.

ದುಂಡೇಶ ಮುಷ್ಟಿಯನ್ನು ನೀರಿನ ಕೆಳಗೆ ಇಳಿಸಿದ.

"ಮುಟ್ಯಾನ," ಎಂದ ಮುರಗೆಪ್ಪ. "ನಾ ಗಾಜಿನ್ಯಾಗಿಂದ ನೋಡೇನಿ." ಹಾಗೆಂದು ರಾಡಿಯ ಕೈಯನ್ನೇ ಚಾಚಿದ. "ಕೈ ಕೊಡಲೇ, ಮ್ಯಾಲ ಬಾ."

ದುಂಡೇಶ ಖಾಲಿ ಮುಷ್ಟಿ ಬಿಚ್ಚಿ ಕೈ ಕೊಟ್ಟ. ಎಳೆಯಲು ಇಬ್ಬರು ಬೇಕಾಯಿತು.

ರುಕ್ಮವ್ವ ಟವೆಲ್ ಕೊಟ್ಟಳು. ದುಂಡೇಶ ಪಾವಟಿಗೆಯ ಮೇಲೆ ಕೂತು ತಲೆ ಒರೆಸಿಕೊಂಡ, ಬೆನ್ನು ಒರೆಸಿಕೊಂಡ, ಹೊಟ್ಟೆ ಒರೆಸಿಕೊಂಡ. ಎಲ್ಲವನ್ನೂ ಎಡಗೈಯಲ್ಲೇ ಮಾಡಿದ. ಮುರಗೆಪ್ಪನ ಕೈಯ ರಾಡಿ ಮೆತ್ತಿ ಕಪ್ಪಾಗಿದ್ದ ಬಲಗೈಯನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು ಬಿಸಿಲಿಗೆ ಹಿಡಿದಿದ್ದ.