ಕಿಟಕಿಗೆ ತುರುಕಿದ ಹಳೇ ಸೀರೆ

ಮಲ್ಲಿಪಟ್ಟಣದ ಕೆಂಚಯ್ಯನ ಮನೆಗೆ ಮಗಳು ಬಿಂದುಶ್ರೀ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಶೀತಗಾಳಿ ತಾಕಬಾರದೆಂದು ಅವಳ ತಾಯಿ ಪಾರ್ವತಮ್ಮ ಕೋಣೆಯ ಕಿಟಕಿಗೆ ಹಳೇ ಸೀರೆ ತುರುಕಿದ್ದಳು, ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದಳು. ಸೊಳ್ಳೆಯೂ ನುಸುಳದ ಆ ಕೋಣೆಯಲ್ಲಿ ಬೀಡಿಗೆ ಮಾತ್ರ ತಡೆಯಿರಲಿಲ್ಲ. ಮೊಮ್ಮಗನ ಮುಖ ನೋಡುತ್ತಾ ಕೆಂಚಯ್ಯ ಸಂಜೆಯೊಳಗೆ ಅರ್ಧ ಕಟ್ಟು ಮುಗಿಸುತ್ತಿದ್ದ.

ಎರಡು ತಿಂಗಳು ತುಂಬುವುದರೊಳಗೆ ಕೂಸಿನ ಎದೆ ಗೊರಗೊರ ಅನ್ನತೊಡಗಿತು. ಹಾಲು ಕುಡಿಯುವುದನ್ನು ನಿಲ್ಲಿಸಿ ಉಸಿರಿಗಾಗಿ ಬಾಯಿ ಬಿಡುತ್ತಿತ್ತು. ಅರಕಲಗೂಡಿನ ಡಾಕ್ಟರು ನ್ಯುಮೋನಿಯಾ ಎಂದು ಐದು ದಿನ ಇಟ್ಟುಕೊಂಡರು. ಕಳಿಸುವಾಗ, ಇವನ ಹತ್ತಿರ ಯಾರೂ ಬೀಡಿ ಸೇದಬಾರದು ಎಂದರು. ಕೆಂಚಯ್ಯ ತಲೆಯಾಡಿಸಿದ. ಮನೆಗೆ ಬಂದ ದಿನವೇ ತೊಟ್ಟಿಲ ಪಕ್ಕ ಕುಂತು ಕಡ್ಡಿ ಗೀರಿದ.

ಬಿಂದುಶ್ರೀಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪ, ಆರ್ಸು ಅದ್ನ."

"ನಿನ್ನ ತೊಡೆ ಮ್ಯಾಲ್ ಮಲಗಿಸ್ಕಂಡು ಸೇದ್ದೋನು ಕಣವ್ವ ನಾನು. ನಿಂಗೇನಾಯ್ತು?"

"ನಾಕ್ನೇ ಕ್ಲಾಸ್‌ಗಂಟ ಕಿವಿ ಸೋರ್ತಿತ್ತು. ಕೆಮ್ಮಿ ಕೆಮ್ಮಿ ವಾಂತಿ ಮಾಡ್ತಿದ್ದೆ. ಮರ್ತೋಯ್ತಾ?"

ಅಷ್ಟರಲ್ಲಿ ಕೂಸು ನೋಡಲು ನರ್ಸ್ ಶಾಂತಕುಮಾರಿ ಬಂದರು.

"ನೀವೇ ನ್ಯಾಯ ಮಾಡಿ ನರ್ಸಮ್ಮ," ಎಂದ ಕೆಂಚಯ್ಯ. "ಸೇದೋನು ನಾನು. ಕಾಯ್ಲೆ ಬಂದ್ರೆ ನಂಗ್ ಬರ್ಬೇಕು. ಮಗ ಏನ್ ಬೀಡಿ ಕಚ್ಕಂಡೈತಾ?"

ಶಾಂತಕುಮಾರಿ ಕಿಟಕಿಯ ಸೀರೆ ಎಳೆದು ಅವನ ಕೈಗಿತ್ತರು. "ಮೂಸಿ ನೋಡಿ."

ಮೂಸಿದ. ಬೀಡಿ ಅಂಗಡಿಯನ್ನೇ ಗಂಟು ಕಟ್ಟಿದ ಹಾಗಿತ್ತು.

"ಈ ಸೀರೆ ಏನ್ ಬೀಡಿ ಸೇದಿತ್ತಾ ಕೆಂಚಯ್ಯನೋರೆ? ನೀವು ಬಿಟ್ಟ ಹೊಗೇನೇ ಕೂಸೂ ಎಳ್ಕೊಂಡಿರೋದು. ಅದರ ಶ್ವಾಸಕೋಶ ಇನ್ನೂ ಎಳೇದು, ನಮಗಿಂತ ಬೇಗ ಬೇಗ ಉಸಿರಾಡುತ್ತೆ. ನ್ಯುಮೋನಿಯಾ, ಉಬ್ಬಸ, ಕಿವಿ ಸೋರೋದು ಎಲ್ಲ ಈ ಹೊಗೇಲಿ ಜಾಸ್ತಿ. ಮಲಗಿದ್ದ ಕೂಸು ಮಲಗಿದ್ದಂಗೇ ಹೋಗಿಬಿಡೋದೂ ಉಂಟು."

"ಕಿಟಕಿ ತಗದ್ರೆ ಆಯ್ತದಲ್ಲ?" ಎಂದಳು ಪಾರ್ವತಮ್ಮ.

"ಸಾಲದು. ಜಗಲೀಲಿ ಸೇದಿದ್ರೂ ಒಳಗೆ ಬರುತ್ತೆ."

"ನನ್ ಮನೇಲಿ ನಾನು ಸೇದಂಗಿಲ್ವಾ?" ಕೆಂಚಯ್ಯ ಗೊಣಗಿದ.

ಬಿಂದುಶ್ರೀ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು. ಕಂಬಳಿ ಸರಿಸಿ ಹೊಸಿಲ ಕಡೆ ನಡೆದಳು. ಆಸ್ಪತ್ರೆಗಲ್ಲದೆ ಬೇರೆ ಯಾವುದಕ್ಕೂ ಮೂರು ತಿಂಗಳೊಳಗೆ ಬಾಣಂತಿ ಹೊಸಿಲು ದಾಟುವ ಮನೆಯಲ್ಲ ಅದು.

"ಬಿಂದೂ, ಗಾಳಿ ತಾಕ್ತದೆ ಕಣೆ," ಎಂದಳು ಪಾರ್ವತಮ್ಮ.

"ತಾಕ್ಲಿ ಬಿಡವ್ವ. ಗಾಳಿಗೆ ಬಾಗ್ಲಾಕಿ ಇಸಾನ ಒಳೀಕ್ ಕೂರುಸ್ಕಂಡಿದೀರ. ಬೀಡಿ ಈ ಮನೇಲಿರ್ಲಿ, ಇಲ್ಲ ನನ್ ಮಗ ಇರ್ಲಿ. ಅಪ್ಪನೇ ತೀರ್ಮಾನ ಮಾಡ್ಲಿ."

ಅವಳು ಹೋಗಿ ಅಂಗಳದ ಇಳಿಬಿಸಿಲಿನಲ್ಲಿ ಕುಂತಳು. ಕೂಸಿನ ಎದೆಯಲ್ಲಿ ಇನ್ನೂ ಉಳಿದಿದ್ದ ಗೊರಗೊರ ಒಳಗಿನವರೆಗೂ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಕೆಂಚಯ್ಯ ಹೊರಬಂದ. ಸೀರೆ ಇನ್ನೂ ಕೈಯಲ್ಲೇ ಇತ್ತು. ಜೇಬಿನ ಬೀಡಿ ಕಟ್ಟನ್ನು ತಿಪ್ಪೆಗೆಸೆದ.

"ಪೂರ್ತಿ ಬಿಡಕ್ಕಾಯ್ತದೋ ಇಲ್ವೋ ಗೊತ್ತಿಲ್ಲ ಕಣವ್ವ. ಮನೆ ಅತ್ರ ಸೇದಕಿಲ್ಲ. ತಡ್ಯಕ್ಕಾಗ್ದೆ ಹೋದ್ರೆ ಕೆರೆ ಏರಿಗೋಯ್ತೀನಿ."

"ಬರುವಾಗ ಕೈ ತೊಳ್ಕಂಡು, ಅಂಗಿ ಬಿಚ್ಚಾಕಿ ಒಳೀಕ್ ಬಾ," ಎಂದಳು ಬಿಂದುಶ್ರೀ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಬಿಡೋಕೂ ದಾರಿ ಇದೆ, ಆಸ್ಪತ್ರೆಗೆ ಬನ್ನಿ," ಎಂದರು ಶಾಂತಕುಮಾರಿ.

ಇದನ್ನು ಓದುತ್ತಿರುವ, ಬೀಡಿ ಸೇದುವ ಅಣ್ಣಂದಿರೇ, ನಿಮ್ಮ ಮನೆಯ ಪರದೆ, ಕಂಬಳಿ ಒಮ್ಮೆ ಮೂಸಿ ನೋಡಿ. ಆ ನಾತವನ್ನೇ ನಿಮ್ಮ ಮಗು ದಿನವೂ ಉಸಿರಾಡುತ್ತಿದೆ. ಎದ್ದು ಹೊರಗೆ ಹೋಗೋಣವೆಂದರೆ ಅದಕ್ಕೆ ನಡೆಯಲು ಬರುವುದಿಲ್ಲ. ನಿಮಗೆ ಬರುತ್ತದೆ. ಎದ್ದು ಮನೆಯಿಂದ ದೂರ ಹೋಗಿ.